ಸೆಕೆಂಡ್ ಹ್ಯಾಂಡ್ ಇಕೋ ತಗೊಂಡೆ. 50ರಲ್ಲಿ ನಡುಗುತ್ತದೆ, ಕೂಲೆಂಟ್ ಇಳಿಯುತ್ತಿದೆ. ಎಂಜಿನ್ ಬಿಚ್ಚಿಸಬೇಕಾ?

ಈಗಲೇ ಬೇಡ.

ನೀವು ಬರೆದಿರುವುದು ಇಷ್ಟು: 2014ರ ಮಾರುತಿ ಇಕೋ, ಮೀಟರಿನಲ್ಲಿ 86 ಸಾವಿರ ಕಿ.ಮೀ., ಮನೆಗೆ ಬಂದು ಎರಡು ವಾರ. 50ರ ಹತ್ತಿರ ಹೋದರೆ ಕಾಲಡಿ ನಡುಕ. ಸಿಗ್ನಲಿನಲ್ಲಿ ನಿಂತಾಗ ಎಂಜಿನ್ ತಾನಾಗಿ ಏರುತ್ತದೆ, ಇಳಿಯುತ್ತದೆ. ಬೆಳಿಗ್ಗೆ ರಿವರ್ಸ್ ಹಾಕಿದರೆ ಕಿರ್ ಅನ್ನುತ್ತದೆ. ಕೂಲೆಂಟ್ (ಎಂಜಿನ್ ತಣ್ಣಗಿಡುವ ನೀರು) ಬಾಟಲಿ ಎರಡು ಸಲ ತುಂಬಿಸಿದ್ದೀರಿ. ಗ್ಯಾರೇಜಿನವರು ಎಂಜಿನ್ ಬಿಚ್ಚಬೇಕು, 35 ಸಾವಿರ ಆಗುತ್ತದೆ ಅಂದಿದ್ದಾರೆ.

ನಾನು ಮೆಕ್ಯಾನಿಕ್ ಅಲ್ಲ. ತಿಪಟೂರಿನಲ್ಲಿ ದಿನಸಿ ಅಂಗಡಿ ಇದೆ, 11 ವರ್ಷದಿಂದ ಹಳೇ ವ್ಯಾನ್‌ಗಳಲ್ಲೇ ಸಾಮಾನು ತರುತ್ತಿದ್ದೇನೆ. ಈಗಿರುವುದು ಮೂರನೆಯದು, ಮೂರೂ ಸೆಕೆಂಡ್ ಹ್ಯಾಂಡ್. ದುಡ್ಡು ಕಳೆದುಕೊಂಡು ಕಲಿತದ್ದನ್ನು ಹೇಳುತ್ತೇನೆ. ನಿಮ್ಮ ನಾಲ್ಕು ತೊಂದರೆಗಳೂ ಒಂದೇ ರೋಗ ಅಂತ ಆ ಗ್ಯಾರೇಜಿನವರು ಅಂದುಕೊಂಡ ಹಾಗಿದೆ. ನನಗೆ ಅದು ನಾಲ್ಕು ಬೇರೆ ಬೇರೆ ರೋಗ ಅನ್ನಿಸುತ್ತದೆ. ಅದರಲ್ಲಿ ತಡ ಮಾಡಬಾರದ್ದು ಒಂದೇ, ಕೂಲೆಂಟ್. ಮಿಕ್ಕ ಮೂರನ್ನು ನಿಧಾನವಾಗಿ ನೋಡಬಹುದು.

ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು, ಎಂಜಿನ್ ಪೂರ್ತಿ ತಣ್ಣಗಿರುವಾಗ, ಮುಂದಿನ ಸೀಟು ಎತ್ತಿ ಟಾರ್ಚ್ ಬಿಟ್ಟು ನೋಡಿ. ಎಂಜಿನ್ ಅಲ್ಲೇ ಇರುತ್ತದೆ. ಮೊದಲು ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಅದರ ಒಳಭಾಗ ನೋಡಿ. ಕಂದು ಇಲ್ಲವೇ ಕಪ್ಪು ಆಯಿಲ್ ಅಂಟಿದ್ದರೆ ಸರಿ. ಹಾಲು ಜಾಸ್ತಿಯಾದ ಕಾಫಿಯ ಬಣ್ಣದಲ್ಲಿ, ಬೆಣ್ಣೆ ಹಾಗೆ ದಪ್ಪಗೆ ಅಂಟಿದ್ದರೆ ಆಯಿಲ್ಲಿಗೆ ನೀರು ಸೇರಿದೆ ಅಂತ ಅನುಮಾನ ಪಡಬೇಕು. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಕೂಡ ತೆಗೆದು ನೋಡಿ. ಮಳೆಗಾಲದಲ್ಲಿ ಬರೀ ಎರಡು ಕಿ.ಮೀ. ಓಡಾಡುವ ಗಾಡಿಗೆ ಮುಚ್ಚಳದ ಮೇಲೆ ಮಾತ್ರ ಸ್ವಲ್ಪ ಬಿಳಿ ಕೂರುತ್ತದೆ. ಅದಕ್ಕೆ ಹೆದರಬೇಡಿ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಬಂದರೆ ಗಾಡಿ ಓಡಿಸಬೇಡಿ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಸೋರದಂತೆ ಕೂರಿಸುವ ಪದರ) ನೋಡಿಸಿ.

ಆಮೇಲೆ ರೇಡಿಯೇಟರ್ ಮುಚ್ಚಳ. ಬಿಸಿ ಇದ್ದಾಗ ದಯವಿಟ್ಟು ಮುಟ್ಟಬೇಡಿ. ನನ್ನ ಭಾವಮೈದ ಬಟ್ಟೆ ಸುತ್ತಿಕೊಂಡೇ ತೆಗೆದಿದ್ದ, ಆದರೂ ಮೊಣಕೈವರೆಗೆ ಸುಟ್ಟುಕೊಂಡ. ತಣ್ಣಗಿದ್ದಾಗ ತೆಗೆದು ಒಳಗಿನ ನೀರಿನ ಬಣ್ಣ ನೋಡಿ. ಹಸಿರೋ ಕೆಂಪೋ ನೀಲಿಯೋ ಇದ್ದರೆ ಅದು ಕೂಲೆಂಟ್. ತುಕ್ಕಿನ ಬಣ್ಣ ಇದ್ದರೆ ಹಿಂದಿನ ಮಾಲೀಕ ಬೋರ್ ನೀರು ಸುರಿದಿದ್ದಾನೆ ಎಂದೇ ಲೆಕ್ಕ. ನಮ್ಮ ಬಯಲುಸೀಮೆಯ ಬೋರ್ ನೀರು ಬಿಂದಿಗೆಗೇ ಬಿಳಿ ಪದರ ಕಟ್ಟುತ್ತದೆ, ಇನ್ನು ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಬಿಡುತ್ತದೆಯೇ? ಮುಚ್ಚಳದ ರಬ್ಬರ್, ಸ್ಪ್ರಿಂಗ್ ಕೂಡ ಒತ್ತಿ ನೋಡಿ. ಸ್ಪ್ರಿಂಗ್ ಸಡಿಲವಾಗಿದ್ದರೆ, ಬೇರೆ ಎಲ್ಲಾ ಸರಿಯಿದ್ದರೂ ನೀರು ಉಕ್ಕಿ ಹೊರಗೆ ಹೋಗುತ್ತದೆ. ಎಷ್ಟೋ ಸಲ ಖರ್ಚು ಆ ಮುಚ್ಚಳಕ್ಕೇ ಮುಗಿಯುತ್ತದೆ.

ಮುಚ್ಚಳ ತೆಗೆದೇ, ನೀರು ಬಾಯಿವರೆಗೆ ತುಂಬಿಸಿ, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿಸಿ. ಮುಖ ದೂರ ಇಟ್ಟುಕೊಂಡು ನೋಡಿ. ಶುರುವಿನಲ್ಲಿ ನಾಲ್ಕಾರು ಗುಳ್ಳೆ ಬಂದು ನಿಂತರೆ ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿ. ಈ ವ್ಯಾನಿನಲ್ಲಿ ರೇಡಿಯೇಟರ್ ಮುಂದೆ, ಎಂಜಿನ್ ಸೀಟಿನ ಕೆಳಗೆ, ನಡುವೆ ಉದ್ದುದ್ದ ಪೈಪು. ಸುಮ್ನೆ ಮೇಲಿಂದ ತುಂಬಿಸಿದರೆ ಗಾಳಿ ನಿಂತುಬಿಡುತ್ತದೆ. ಗುಳ್ಳೆ ನಿಲ್ಲದೆ ಒಂದೇ ಸಮ ಬರುತ್ತಿದ್ದರೆ, ಜೊತೆಗೆ ಸೈಲೆನ್ಸರಿನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆ ಇದ್ದರೆ, ಗ್ಯಾಸ್ಕೆಟ್ ಹೋಗಿರಬಹುದು. ಆಗ ಎಂಜಿನ್ ಬಿಚ್ಚಬೇಕು ಅನ್ನುವ ಆ ಗ್ಯಾರೇಜಿನವರ ಮಾತಿಗೆ ಬೆಲೆ ಇದೆ.

ಇವೆರಡೂ ಇಲ್ಲದಿದ್ದರೆ ನೀರು ಹೊರಗೆಲ್ಲೋ ಸೋರುತ್ತಿದೆ. ಬಾಟಲಿ ಮೇಲೆ ಈಗಿನ ಮಟ್ಟಕ್ಕೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ರಾತ್ರಿ ಗಾಡಿ ಕೆಳಗೆ ಹಳೇ ರಟ್ಟು ಹಾಸಿ. ಬೆಳಿಗ್ಗೆ ರಟ್ಟಿನಲ್ಲಿ ಕಲೆ ಎಲ್ಲಿ ಬಿದ್ದಿದೆಯೋ ಅದರ ನೇರಕ್ಕೆ ಮೇಲೆ ಹುಡುಕಿ. ಪೈಪಿನ ಕ್ಲಿಪ್ಪು, ವಾಟರ್ ಪಂಪ್, ರೇಡಿಯೇಟರಿನ ತಳ, ಇವೇ ಸಾಮಾನ್ಯ. ಹೀಟರ್ ಇರುವ ಗಾಡಿಯಾದರೆ ಮುಂದಿನ ಮ್ಯಾಟ್ ಎತ್ತಿ ಒದ್ದೆಯಾಗಿದೆಯಾ ನೋಡಿ. ರಿಪೇರಿ ಮಾಡುವವರನ್ನು ಒಂದು ಮಾತು ಕೇಳಿ: ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಇದೆಯಾ? ಗಾಡಿ ಹೀಟ್ ಆದರೆ ಅದನ್ನು ಕಿತ್ತು ಎಸೆಯುವುದು ನಮ್ಮ ಕಡೆ ಒಂದು ಅಭ್ಯಾಸ. ಹಾಗೆ ಮಾಡಿದರೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಮೂಲ ತೊಂದರೆ ಹಾಗೇ ಉಳಿಯುತ್ತದೆ.

ಈಗ ನಡುಕ. ಇದರ ಕಥೆ ನನಗೆ ಚೆನ್ನಾಗಿ ಗೊತ್ತು.

ನನ್ನ ಎರಡನೇ ವ್ಯಾನಿನಲ್ಲೂ ಇದೇ ನಡುಕ. ಒಬ್ಬ ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಹಾಕಿಸಿದರು. ಹೋಗಲಿಲ್ಲ. ಎಂಜಿನ್ ಮೌಂಟಿಂಗ್ (ಎಂಜಿನ್ ಕೂರಿಸುವ ರಬ್ಬರ್) ಹಾಕಿಸಿದರು. ಹೋಗಲಿಲ್ಲ. ಒಂಬತ್ತು ಸಾವಿರ ಆಯಿತು. ಕೊನೆಗೆ ಕೊಬ್ಬರಿ ತುಂಬಿಕೊಂಡು ಬರುವಾಗ ನಮ್ಮೂರ ಕಡೆಯ ಕೆ.ಬಿ. ಕ್ರಾಸ್ (ಕಿಬ್ಬನಹಳ್ಳಿ ಕ್ರಾಸ್) ಹತ್ತಿರ ಕೆಳಗಿಂದ ಟಡ ಟಡ ಅಂತ ಬಡಿಯಲು ಶುರುವಾಯಿತು. ಅಲ್ಲಿನ ಲಾರಿ ಗ್ಯಾರೇಜಿನ ಹುಡುಗ ಗಾಡಿ ಕೆಳಗೆ ನುಸುಳಿ, ಹಿಂದಿನ ಚಕ್ರ ತಿರುಗಿಸುವ ಶಾಫ್ಟ್ ಹಿಡಿದು ಒಮ್ಮೆ ತಿರುಚಿ, "ಅಣ್ಣ, ಕ್ರಾಸ್ ಹೋಗಿದೆ" ಅಂದ. ಕೆ.ಬಿ. ಕ್ರಾಸಿನಲ್ಲಿ ಕ್ರಾಸ್ ಹೋಯಿತು ಅಂತ ಮನೆಯಲ್ಲಿ ಇವತ್ತಿಗೂ ರೇಗಿಸುತ್ತಾರೆ. ಎರಡು ಕ್ರಾಸ್, ಕೂಲಿ ಸೇರಿ ನನಗೆ ಆದದ್ದು 1,400 ರೂಪಾಯಿ.

ಇಕೋದಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ, ಗಾಡಿ ಓಡಿಸುವುದು ಹಿಂದಿನ ಚಕ್ರ. ನಡುವೆ ಪ್ರೊಪೆಲ್ಲರ್ ಶಾಫ್ಟ್ ಸುತ್ತುತ್ತದೆ. ಅದರ ತುದಿಗಳ ಕೀಲಿನಲ್ಲಿ ಕೂಡಿಸುವ ಗುರುತಿನ ಆಕಾರದ ಒಂದು ತುಂಡು ಇರುತ್ತದೆ, ಅದನ್ನೇ ಕ್ರಾಸ್ ಅನ್ನುವುದು. ಅದರ ಬೇರಿಂಗ್ ಸವೆದರೆ ನೆಲ ನಡುಗುತ್ತದೆ.

ಯಾರಿಗೂ ದುಡ್ಡು ಕೊಡದೆ ನೀವೇ ಪತ್ತೆ ಮಾಡಬಹುದು. ಮೊದಲು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲೇಟರ್ ಒತ್ತಿ. ನಡುಗಿದರೆ ಎಂಜಿನ್ನೋ ಮೌಂಟಿಂಗ್ ರಬ್ಬರೋ ಕಾರಣ. ನಡುಗದಿದ್ದರೆ ಖಾಲಿ ನೇರ ರಸ್ತೆಯಲ್ಲಿ 55ಕ್ಕೆ ಹೋಗಿ ನ್ಯೂಟ್ರಲ್ ಮಾಡಿ. ಎಂಜಿನ್ ಆಫ್ ಮಾಡಬೇಡಿ. ಎಂಜಿನ್ ಸದ್ದು ಇಳಿದರೂ ನಡುಕ ಹಾಗೇ ಇದ್ದರೆ ತಪ್ಪು ಎಂಜಿನ್ನಿನದಲ್ಲ, ಸುತ್ತುವ ಯಾವುದೋ ಭಾಗದ್ದು. ಸ್ಟೀರಿಂಗ್ ಅಲುಗಿದರೆ ಮುಂದಿನ ಚಕ್ರದ ಬ್ಯಾಲೆನ್ಸಿಂಗ್ ಮಾಡಿಸಿ. ಸೀಟು, ನೆಲ ನಡುಗಿದರೆ ಶಾಫ್ಟ್ ಇಲ್ಲವೇ ಹಿಂದಿನ ಚಕ್ರ. ಮುಂದಕ್ಕೆ ಹೊರಡುವಾಗ, ರಿವರ್ಸಿನಿಂದ ಫಸ್ಟಿಗೆ ಹಾಕಿ ಕ್ಲಚ್ ಬಿಡುವಾಗ ಕೆಳಗೆ ಟಕ್ ಅಂದರೆ ಕ್ರಾಸ್ ಮೇಲೇ ಅನುಮಾನ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ಕೀ ಜೇಬಿನಲ್ಲಿ ಇಟ್ಟುಕೊಂಡು ಕೆಳಗೆ ನೋಡಿ. ಕೀಲಿನ ಎರಡು ಬದಿ ಎರಡು ಕೈಯಲ್ಲಿ ಹಿಡಿದು ಎದುರುಬದುರು ತಿರುಚಿ. ಒಂದು ಬದಿ ಅಲುಗಿ ಇನ್ನೊಂದು ಸುಮ್ಮನಿದ್ದರೆ ಕ್ರಾಸ್ ಸವೆದಿದೆ. ಕ್ರಾಸಿನ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೂ ಅದೇ ಅರ್ಥ, ಒಳಗೆ ಗ್ರೀಸ್ ಒಣಗಿದೆ. ಶಾಫ್ಟ್ ಬಿಚ್ಚುವ ಮೊದಲು ಎರಡೂ ಕಡೆ ಪೇಂಟಿನಲ್ಲಿ ಗುರುತು ಮಾಡಿಸಿ, ಮತ್ತೆ ಅದೇ ಜೋಡಿಯಲ್ಲಿ ಕೂರಿಸಲಿ. ಇಲ್ಲದಿದ್ದರೆ ಹೊಸ ಕ್ರಾಸ್ ಹಾಕಿದ ಮೇಲೂ ನಡುಕ ಉಳಿಯಬಹುದು.

ಸಿಗ್ನಲಿನಲ್ಲಿ ಎಂಜಿನ್ ಏರಿಳಿಯುವುದು ಹೆಚ್ಚಾಗಿ ಥ್ರಾಟಲ್ ಬಾಡಿಯ (ಎಂಜಿನ್ನಿಗೆ ಗಾಳಿ ಬಿಡುವ ಬಾಯಿಯ) ಕೊಳೆ. ಸ್ಪ್ರೇ ಹಾಕಿ ಕ್ಲೀನ್ ಮಾಡಿಸಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಜೊತೆಗೇ ನೋಡಿಸಿ. ಸೀಟು ಎತ್ತಿದಾಗ ಹಿಸ್ ಅಂತ ಗಾಳಿ ಎಳೆಯುವ ಸದ್ದು ಬಂದರೆ ಯಾವುದೋ ರಬ್ಬರ್ ಪೈಪು ಬಿರುಕು ಬಿಟ್ಟಿದೆ. ಇಲಿ ಕಡಿದ ವೈರ್ ಕೂಡ ನೋಡಿ, ನಮ್ಮ ಅಂಗಡಿ ಗಾಡಿಗೆ ಅದು ವರ್ಷಕ್ಕೊಮ್ಮೆ ಇದ್ದೇ ಇದೆ.

ಒಂದು ಮೋಸ ಮಾತ್ರ ಹೇಳಲೇಬೇಕು. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ "ಚೆಕ್ ಲೈಟ್ ಬರಲ್ಲ, ಗಾಡಿ ಪಕ್ಕಾ" ಅಂದವರು ಆ ದೀಪವನ್ನೇ ಕೆಲಸ ಮಾಡದ ಹಾಗೆ ಮಾಡಿರಬಹುದು, ಅಲ್ವಾ?

ರಿವರ್ಸಿನ ಕಿರ್ ಸದ್ದಿಗೆ ಕ್ಲಚ್ ಕೇಬಲ್ ಅಡ್ಜಸ್ಟ್‌ಮೆಂಟ್, ಗೇರ್ ಆಯಿಲ್ ಮಟ್ಟ ನೋಡಿಸಿದರೆ ಸಾಕು. ಕ್ಲಚ್ ಪೂರ್ತಿ ಒತ್ತಿ, ಎರಡು ಮೂರು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ ನೋಡಿ. ಆಗ ಸದ್ದು ಬರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಏರಿನಲ್ಲಿ ಎಂಜಿನ್ ಕೂಗುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ ಅನ್ನಿಸಿದರೆ ಆಗ ಕ್ಲಚ್ ಪ್ಲೇಟಿನ ಮಾತು.

ನೀವು ಕೇಳದೆ ಹೇಳುತ್ತಿದ್ದೇನೆ, ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಬೆಲ್ಟ್) ಯಾವಾಗ ಹಾಕಿಸಿದ್ದು ಅಂತ ಬಿಲ್ಲು ಸಿಗದಿದ್ದರೆ ಹಾಕಿಸಿಬಿಡಿ. ಆ ವರ್ಷದ ಎಂಜಿನ್ನಿಗೆ ರಬ್ಬರ್ ಬೆಲ್ಟೇ. 86 ಸಾವಿರ ನಿಜವೋ ಸುಳ್ಳೋ, ರಬ್ಬರಿಗೆ ವಯಸ್ಸಂತೂ ಆಗಿದೆ. ತುಂಡಾದರೆ ಗಾಡಿ ಅಲ್ಲೇ ನಿಲ್ಲುತ್ತದೆ. 86 ಸಾವಿರದ ಮೇಲೆ ಅನುಮಾನ ಇದ್ದರೆ ಟೈರ್ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 3519 ಅಂದರೆ ಟೈರ್ ತಯಾರಾದದ್ದು 2019ರ 35ನೇ ವಾರ. ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿ ಕಬ್ಬಿಣ ಕಾಣುತ್ತಿದ್ದರೆ ಸ್ಕೂಲ್ ಟ್ರಿಪ್ಪೋ ಹಾಲಿನ ಟ್ರಿಪ್ಪೋ ಹೊಡೆದ ಗಾಡಿ ಇರಬೇಕು.

ಬಾಟಲಿ ಮೇಲೆ ಗೆರೆ ಎಳೆದು ಎರಡು ದಿನ ಓಡಿಸಿ, ಎಷ್ಟು ಬೆರಳು ಇಳಿಯಿತು, ರಟ್ಟಿನ ಮೇಲೆ ಕಲೆ ಎಲ್ಲಿತ್ತು ಅಂತ ಇಲ್ಲೇ ಕೆಳಗೆ ಬರೆಯಿರಿ. ಆಯಿಲ್ ಮುಚ್ಚಳದ ಒಳಭಾಗದ ಒಂದು ಫೋಟೋನೂ ಹಾಕಿ.