ಮಂಗನ ಕಾಯಿಲೆ: ಆರೋಗ್ಯ, ಅರಣ್ಯ, ಪಶು ಇಲಾಖೆಗಳನ್ನು ಪಂಚಾಯಿತಿ ಮಟ್ಟದಲ್ಲಿ ಒಟ್ಟಿಗೆ ಕೆಲಸ ಮಾಡಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಸಾಗರ ಕಡೆಯ ಗ್ರಾಮ ಪಂಚಾಯಿತಿಯೊಂದರಲ್ಲಿ ಹೊಸದಾಗಿ ಸದಸ್ಯರಾಗಿದ್ದೀರಿ. ಮಂಗ ಸತ್ತು ಬಿದ್ದರೆ ಅರಣ್ಯದವರು ಆರೋಗ್ಯ ಇಲಾಖೆಗೆ ಹೇಳಿ ಅನ್ನುತ್ತಾರೆ, ಆರೋಗ್ಯದವರು ಪಶುವೈದ್ಯರು ಬರಲಿ ಅನ್ನುತ್ತಾರೆ, ಪಶುವೈದ್ಯರು ಅರಣ್ಯದವರಿಲ್ಲದೆ ಮುಟ್ಟುವುದಿಲ್ಲ. ಅಷ್ಟರಲ್ಲಿ ಎರಡು ದಿನ ಹೋಗಿರುತ್ತದೆ. ತಾಲ್ಲೂಕು ಮಟ್ಟದ ಜಂಟಿ ಸಭೆಗಳು ನಡೆದರೂ ಏನೂ ಬದಲಾಗುತ್ತಿಲ್ಲ, ಪಂಚಾಯಿತಿ ಏನು ಮಾಡಬಹುದು?

ಸಭೆಗಳಿಗೆ ಎಲ್ಲೂ ಬರವಿಲ್ಲ. ಆದರೆ ಅವು ಬಹುತೇಕ ಜನವರಿಯಲ್ಲಿ, ಮೊದಲ ಮಂಗ ಸತ್ತ ಮೇಲೆ ಸೇರುತ್ತವೆ. ಉಣುಗಿನ ವರ್ಷ ಶುರುವಾಗುವುದು ಜೂನ್‌ನಲ್ಲಿ. ಒಂದೊಂದು ಇಲಾಖೆಯ ಕೆಲಸವನ್ನೂ ಉಣುಗಿನ ಬದುಕಿಗೆ ಸರಿಯಾಗಿ ತಿಂಗಳ ಮೇಲೆ ಕೂರಿಸದಿದ್ದರೆ ಮೂವರೂ ಪ್ರಾಮಾಣಿಕವಾಗಿ ದುಡಿದರೂ ಪ್ರಯೋಜನ ಕಡಿಮೆ. ಹಾಗಾಗಿ ಮೊದಲು ಆ ಲೆಕ್ಕ ಹೇಳುತ್ತೇನೆ.

ಈ ಕಾಯಿಲೆ ಹರಡುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಜಾತಿಯ ಉಣುಗಿನಿಂದ. ಮುಂಗಾರು ಬಿದ್ದ ಮೇಲೆ ದೊಡ್ಡ ಉಣುಗುಗಳು ಚುರುಕಾಗುತ್ತವೆ. ಜುಲೈ, ಆಗಸ್ಟ್‌ನಲ್ಲಿ ಅವುಗಳ ಸುಗ್ಗಿ. ಅವಕ್ಕೆ ಹೆಚ್ಚಾಗಿ ಸಿಗುವುದು ಕಾಡಿಗೆ ಮೇಯಲು ಹೋಗುವ ದನ. ರಕ್ತ ಕುಡಿದು ಉದುರಿದ ಹೆಣ್ಣು ದರಗಿನ (ಉದುರಿದ ಒಣ ಎಲೆಯ) ಅಡಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಮರಿ ಹೊರಬಂದು ಇಲಿ, ಅಳಿಲು, ಮಂಗಗಳ ಮೈ ಹತ್ತುತ್ತದೆ. ನವೆಂಬರ್–ಡಿಸೆಂಬರ್‌ನಿಂದ ಮೇ ತನಕ ಇರುವುದು ನಿಂಫ್ ಅನ್ನುವ ಮುಂದಿನ ಹಂತ, ಎಳ್ಳಿಗಿಂತ ಚಿಕ್ಕದು. ಮನುಷ್ಯರಿಗೆ ಕಚ್ಚಿ ರೋಗ ತರುವುದು ಬಹುಪಾಲು ಇದೇ. ಅಡಿಕೆ ಕೊಯ್ಲು, ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸುವುದು, ಸೌದೆ ತರುವುದು, ಅರಣ್ಯ ಇಲಾಖೆಯ ಬೆಂಕಿ ರೇಖೆ ಕೆಲಸ, ಎಲ್ಲವೂ ಇದೇ ತಿಂಗಳುಗಳಲ್ಲಿ ಬರುತ್ತವೆ.

ಇದರಿಂದ ಪಶು ಇಲಾಖೆಯ ಕೆಲಸ ಯಾವಾಗ ಅನ್ನುವುದು ಸ್ಪಷ್ಟ. ದನಗಳ ಮೈಗೆ ಉಣುಗಿನ ಔಷಧಿ ಹಾಕಬೇಕಾದದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜನವರಿಯಲ್ಲಿ ಮಂಗ ಸತ್ತ ಊರಿಗೆ ಬಂದು ಕೊಟ್ಟಿಗೆ ಕೊಟ್ಟಿಗೆಗೆ ಔಷಧಿ ಹಾಕಿದರೆ ಫೋಟೊ ಚೆನ್ನಾಗಿ ಬರುತ್ತದೆ, ಆದರೆ ಆ ವರ್ಷದ ಮೊಟ್ಟೆ ಇಟ್ಟು ಮುಗಿದಿರುತ್ತದೆ. ಹಾಲು ಕರೆಯುವ ಹಸುವಿಗೆ ಐವರ್ಮೆಕ್ಟಿನ್ ಕೊಟ್ಟರೆ ಆ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಬಳಸುವಂತಿಲ್ಲ, ಡೇರಿಗೂ ಹಾಕುವಂತಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಎರಡನೇ ಸುತ್ತಿಗೆ ಯಾರೂ ದನ ಹಿಡಿದುಕೊಡುವುದಿಲ್ಲ. ಕರೆಯುವ ಹಸುಗಳಿಗೆ ಬೆನ್ನ ಮೇಲೆ ಸುರಿಯುವ ಫ್ಲುಮೆಥ್ರಿನ್ ತರಹದ್ದು ಆಗುತ್ತದೆಯೇ ಎಂದು ಪಶುವೈದ್ಯರ ಹತ್ತಿರವೇ ತೀರ್ಮಾನ ಮಾಡಿಸಿ. ಮೈ ಮೇಲೆ ಔಷಧಿ ಹಾಕಿದರೆ ಇಡೀ ಕಾಡಿನ ಉಣುಗು ಇಳಿಯುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಮನೆಗೂ ಕಾಡಂಚಿಗೂ ನಡುವಿನ ಮೇವಿನ ಜಾಗದಲ್ಲಿ ಕಡಿಮೆಯಾದರೂ ಸಾಕು ಅನ್ನುವುದು ಲೆಕ್ಕ.

ಸೆಪ್ಟೆಂಬರ್‌ನಲ್ಲಿ ಆರೋಗ್ಯ ಇಲಾಖೆಗೆ ಎರಡು ಬೇಡಿಕೆ ಹೋಗಬೇಕು: ಡೆಪಾ ಎಣ್ಣೆ ಮತ್ತು ಉಣುಗು ಕೊಲ್ಲಲು ನೆಲಕ್ಕೆ ಎರಚುವ ಮ್ಯಾಲಾಥಿಯಾನ್ ಪುಡಿ. ಡೆಪಾ ಅಂದರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ, ಉಣುಗು ಹತ್ತಿರ ಬಾರದಂತೆ ಮೈಗೆ ಹಚ್ಚುವ ಎಣ್ಣೆ. ಪಂಚಾಯಿತಿಯಿಂದ ಮನೆ ಸಂಖ್ಯೆ ಬರೆದು ಕಳಿಸಿದರೆ ಸಾಲದು. ಕಾಡಿಗೆ ಹೋಗುವ ತಲೆಗಳನ್ನು ಎಣಿಸಿ: ಮನೆಯವರು, ದನಗಾಹಿಗಳು, ಅರಣ್ಯ ವಾಚರ್‌ಗಳು, ಚೇಣಿದಾರರು (ಅಡಿಕೆ ಫಸಲು ಗುತ್ತಿಗೆ ಹಿಡಿಯುವವರು) ಹೊರಗಿನಿಂದ ಕರೆತರುವ ಕೊಯ್ಲಿನ ಆಳುಗಳು. ಕೊನೆಯವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಬಾಟಲಿ ಡಿಸೆಂಬರ್ ಮೊದಲ ವಾರದ ಒಳಗೆ ಕೈಯಲ್ಲಿರಬೇಕು. ಹಂಚಲು ಆಶಾ ಕಾರ್ಯಕರ್ತೆಯೊಬ್ಬರನ್ನೇ ನಂಬಬೇಡಿ. ಹಾಲಿನ ಡೇರಿಗೆ ಊರಿನವರು ದಿನಕ್ಕೆ ಎರಡು ಸಲ ಬಂದೇ ಬರುತ್ತಾರೆ, ಅಲ್ಲೊಂದು ಡಬ್ಬ ಇಡಿ.

ಎಣ್ಣೆ ಕೊಟ್ಟರೂ ಜನ ಹಚ್ಚುವುದಿಲ್ಲ ಅನ್ನುವ ದೂರು ಎಲ್ಲ ಕಡೆ ಇದೆ. ಕಾರಣ ಸೋಮಾರಿತನ ಅಲ್ಲ. ಅಂಟು ಅಂಟು, ವಾಸನೆ, ಜೊತೆಗೆ ಬೆಳಿಗ್ಗೆ ಹಚ್ಚಿದ್ದು ಬೆವರಿಗೆ ಮಧ್ಯಾಹ್ನದ ಹೊತ್ತಿಗೆ ಹೋಗಿರುತ್ತದೆ. ಚಿಕ್ಕ ಬಾಟಲಿ ಜೇಬಿಗೆ ಕೊಟ್ಟು ಊಟದ ಹೊತ್ತಿಗೆ ಇನ್ನೊಮ್ಮೆ ಹಚ್ಚಲು ಹೇಳಿ. ಕಾಲು, ಕೈ, ಕುತ್ತಿಗೆ, ಪ್ಯಾಂಟಿನ ಅಂಚು ಸಾಕು; ಕಣ್ಣು ಮತ್ತು ಗಾಯ ಬಿಡಬೇಕು. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು.

ಈಗ ಮಂಗ ಸತ್ತ ದಿನದ ವಿಷಯ. ನಿಮ್ಮ ಪಂಚಾಯಿತಿಗೆ ಕಾಯಿಲೆ ಬಂದಿದೆ ಎಂಬ ಮೊದಲ ಸೂಚನೆ ಸಾಮಾನ್ಯವಾಗಿ ಇದೇ. ಸೋಂಕಿನ ಮಂಗ ಸತ್ತಾಗ ಮೈ ಮೇಲಿದ್ದ ಉಣುಗುಗಳು ಇಳಿದು ಸುತ್ತ ಹರಡುತ್ತವೆ, ಹಾಗಾಗಿ ಆ ಜಾಗವೇ ಹಾಟ್‌ಸ್ಪಾಟ್. ಇಲ್ಲಿ ಲೆಕ್ಕ ದಿನಗಳದ್ದಲ್ಲ, ಗಂಟೆಗಳದ್ದು.

ಊರಿಗೆ ಒಂದೇ ಫೋನ್ ನಂಬರ್ ಸಾರಿ. ಪಿಡಿಒ ನಂಬರ್ ಬೇಡ, ಅವರು ವರ್ಗವಾಗುತ್ತಾರೆ. ಪಂಚಾಯಿತಿಯ ಹೆಸರಲ್ಲಿ ಒಂದು ಸಿಮ್ ಇರಲಿ, ನೀರುಗಂಟಿಯ ಅಥವಾ ಬಿಲ್ ಕಲೆಕ್ಟರ್ ಕೈಯಲ್ಲಿರಲಿ. ಕರೆ ಬಂದಾಗ ಕೇಳಬೇಕಾದದ್ದು ನಾಲ್ಕು: ಜಾಗದ ವಾಟ್ಸಾಪ್ ಲೊಕೇಶನ್, ಕೆಂಪು ಮಂಗವೋ ಕಪ್ಪು ಮೂತಿಯ ಮುಸಿಯವೋ, ಎಷ್ಟು, ಹೊಸದೋ ಕೊಳೆತದ್ದೋ. ಅವರಿಗೆ ಹೇಳಬೇಕಾದದ್ದು ಒಂದೇ: ಮುಟ್ಟಬೇಡಿ, ಹತ್ತಿರ ಹೋಗಬೇಡಿ, ನಾಯಿ ಬಿಡಬೇಡಿ. ಅಲ್ಲಿಂದ ಅದೇ ಸಂದೇಶ ಮೂವರಿಗೂ ಒಂದೇ ಸಲ ಹೋಗಬೇಕು: ಗಸ್ತು ಅರಣ್ಯ ಪಾಲಕರಿಗೆ, ಪಶುವೈದ್ಯರಿಗೆ, ಪಿಎಚ್‌ಸಿ ವೈದ್ಯಾಧಿಕಾರಿಗೆ. ಒಬ್ಬರಿಗೆ ಹೇಳಿ ಅವರು ಇನ್ನೊಬ್ಬರಿಗೆ ಹೇಳುವ ಸರಪಳಿಯೇ ನಿಮ್ಮ ಎರಡು ದಿನ ತಿನ್ನುತ್ತಿರುವುದು.

ಜಾಗದಲ್ಲಿ ಅನುಕ್ರಮ ಹೀಗಿರಲಿ. ಅರಣ್ಯ ಸಿಬ್ಬಂದಿ ಬಂದು ಜಾಗ ಕಾಯುತ್ತಾರೆ. ಪಶುವೈದ್ಯರು ಡೆಪಾ ಹಚ್ಚಿಕೊಂಡು, ಮೈ ಮುಚ್ಚುವ ಗೌನು, ಎರಡು ಜೊತೆ ಗ್ಲೌಸ್, ಮಾಸ್ಕ್, ಗಂಬೂಟು ಹಾಕಿ, ಹೊಸ ಕಳೇಬರವಾದರೆ ಅಲ್ಲೇ ಮರಣೋತ್ತರ ಪರೀಕ್ಷೆ ಮಾಡಿ ಅಂಗಾಂಶದ ಮಾದರಿ ತೆಗೆಯುತ್ತಾರೆ. ಮಾದರಿ ಐಸ್ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಕಳೇಬರವನ್ನು ಅಲ್ಲೇ ಸುಡಬೇಕು. ಎಳೆದುಕೊಂಡು ಹೋದರೆ ದಾರಿಯುದ್ದಕ್ಕೂ ಉಣುಗು ಬಿತ್ತಿದಂತೆ. ಫೆಬ್ರವರಿಯ ಒಣ ಕಾಡಿನಲ್ಲಿ ಬೆಂಕಿ ಹಾಕುವಾಗ ಸುತ್ತ ದರಗು ಕೆರೆದು, ಪೂರ್ತಿ ಆರುವ ತನಕ ಒಬ್ಬರು ನಿಲ್ಲಬೇಕು. ಆಮೇಲೆ ಸುತ್ತ 50 ಅಡಿಯವರೆಗೆ ಮ್ಯಾಲಾಥಿಯಾನ್ ಪುಡಿ. 50 ಅಡಿ ಅಂದರೆ ಕಮ್ಮಿ ಅನ್ನಿಸಬಹುದು. ವೃತ್ತದ ಲೆಕ್ಕದಲ್ಲಿ ಅದು 7 ಗುಂಟೆಗೂ ಮೇಲೆ. ಒಬ್ಬ ಆಳು ಒಂದು ಚೀಲ ಹಿಡಿದು ಕಾಲುದಾರಿಯಲ್ಲಿ ಎರಚಿ ಬರುವ ಕೆಲಸ ಅಲ್ಲ ಇದು. ಹಾಗಂತ ಇಡೀ ಬೆಟ್ಟಕ್ಕೆ ಎರಚಿಸುವುದೂ ಬೇಡ: ಪುಡಿ ಸಾಲುವುದಿಲ್ಲ, ಜೇನು ಸಾಯುತ್ತದೆ.

ಇಲ್ಲಿ ಪದೇ ಪದೇ ಆಗುವ ದೊಡ್ಡ ತಪ್ಪು, ಪ್ರಯೋಗಾಲಯದ ವರದಿ ಬರಲಿ ಆಮೇಲೆ ಪುಡಿ ಹಾಕೋಣ ಅನ್ನುವುದು. ವರದಿ ಬೇಕಾಗಿರುವುದು ಮುಂದಿನ ಜ್ವರ ಸಮೀಕ್ಷೆಗೆ. ಪುಡಿಗೂ ವರದಿಗೂ ಸಂಬಂಧ ಕಟ್ಟಬೇಡಿ. ಕೊಳೆತು ಮಾದರಿ ಸಿಗದಿದ್ದರೂ ಪುಡಿ ಬೀಳಲೇಬೇಕು.

ಸತ್ತ ಮಂಗದ ಸುದ್ದಿಯೇ ಬರದಿದ್ದರೆ ಮೇಲಿನದ್ದೆಲ್ಲ ವ್ಯರ್ಥ. ಜನ ಹೇಳುವುದಿಲ್ಲ, ಯಾಕೆಂದರೆ ಮಂಗ ಬೆಳೆ ತಿನ್ನುತ್ತದೆ. ನೀನೇ ವಿಷ ಇಟ್ಟೆ ಅಂತ ಕೇಸು ಬಿದ್ದೀತು ಎಂಬ ಭಯ. ಬಗರ್‌ಹುಕುಂ ಜಮೀನಿನವರಿಗಂತೂ ಅರಣ್ಯದವರನ್ನು ತಾವಾಗಿ ಕರೆಯುವುದು ಮೈ ಮೇಲೆ ಎಳೆದುಕೊಂಡಂತೆ. ಸುದ್ದಿ ಕೊಟ್ಟವರನ್ನು ವಿಚಾರಿಸುವುದಿಲ್ಲ, ಅವರ ಜಮೀನಿನ ಸರ್ವೆ ಮಾತು ಆ ದಿನ ಎತ್ತುವುದಿಲ್ಲ ಅಂತ ವಲಯ ಅರಣ್ಯಾಧಿಕಾರಿಯೇ ಗ್ರಾಮಸಭೆಯಲ್ಲಿ ನಿಂತು ಹೇಳಬೇಕು. ನನ್ನ ಪ್ರಕಾರ ಅರಣ್ಯ ಇಲಾಖೆಯಿಂದ ಪಂಚಾಯಿತಿ ಕೇಳಬೇಕಾದ ಮೊದಲ ಸಹಕಾರ ಇದು, ಜೀಪು, ಸಿಬ್ಬಂದಿ ಎಲ್ಲ ಆಮೇಲೆ. ಅವರ ಸಿಬ್ಬಂದಿಗೂ ಇದು ಜೀವದ ಪ್ರಶ್ನೆ: 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಕಾಯಿಲೆ ಹತ್ತಿದ್ದು ಸತ್ತ ಮಂಗಗಳ ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೆ.

ಚಿಕಿತ್ಸೆಯ ಕಡೆ ಬದಲಾಗಬೇಕಾದದ್ದು ಬಹಳ ಇದೆ, ಏಕೆಂದರೆ 1990ರಿಂದ ಕೊಡುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಗಿದೆ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಲಸಿಕೆ ಕಂಪನಿ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಹೊಸದರ ಕೆಲಸದಲ್ಲಿವೆ. ವೈರಸ್ಸನ್ನೇ ಕೊಲ್ಲುವ ಔಷಧಿಯೂ ಇಲ್ಲ. ಉಳಿದಿರುವುದು ಬೇಗ ಗುರುತಿಸಿ ಬೇಗ ದಾಖಲು ಮಾಡುವುದು. ದಿಢೀರ್ ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ–ಕಾಲಿನ ವಿಪರೀತ ನೋವು, ಕೆಂಪು ಕಣ್ಣು, ವಾಂತಿ. ಊರಿನವರು ಮೊದಲು ಹೋಗುವುದು ಪೇಟೆಯ ಖಾಸಗಿ ಕ್ಲಿನಿಕ್‌ಗೆ. ಅಲ್ಲಿ ಮೈಕೈ ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಬಿದ್ದರೆ, ಪ್ಲೇಟ್‌ಲೆಟ್ ಇಳಿದ ರೋಗಿಗೆ ರಕ್ತಸ್ರಾವದ ಅಪಾಯ ಹೆಚ್ಚು, ಕೊಡಬಹುದಾದದ್ದು ಪ್ಯಾರಸಿಟಮಾಲ್. ಡಿಸೆಂಬರ್‌ಗೆ ಮೊದಲೇ ತಾಲ್ಲೂಕು ಆರೋಗ್ಯಾಧಿಕಾರಿ ಆ ಕ್ಲಿನಿಕ್‌ನವರನ್ನು, ಮೆಡಿಕಲ್ ಶಾಪ್‌ನವರನ್ನು ಕೂರಿಸಿ ಒಂದು ಗಂಟೆ ಮಾತಾಡಿದರೆ ಹತ್ತು ಬ್ಯಾನರ್‌ಗಿಂತ ಮೇಲು.

ರಕ್ತದ ಮಾದರಿ ಚೀಟಿಯಲ್ಲಿ ಜ್ವರ ಶುರುವಾದ ದಿನಾಂಕ ಬರೆದಿದೆಯೇ ಎಂದು ನೋಡಿ. ಮೊದಲ ದಿನಗಳಲ್ಲಿ ಕಾಯಿಲೆ ಸಿಗುವುದು ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್‌ನಲ್ಲಿ. ದಿನ ಕಳೆದಂತೆ ವೈರಸ್ ರಕ್ತದಿಂದ ಮರೆಯಾಗುತ್ತದೆ, ಆಗ ಕಾಯಿಲೆ ಸಿಗುವುದು ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾದಲ್ಲಿ. ದಿನಾಂಕವಿಲ್ಲದ ಚೀಟಿಯ ಮೇಲೆ ತಡವಾಗಿ ತೆಗೆದ ರಕ್ತಕ್ಕೆ ಪಿಸಿಆರ್ ಮಾತ್ರ ಮಾಡಿ ನೆಗೆಟಿವ್ ಅಂದರೆ ರೋಗಿ ಮನೆಗೆ ಹೋಗುತ್ತಾನೆ.

ಮನೆಗೆ ಬಂದ ಮೇಲೂ ಮುಗಿಯುವುದಿಲ್ಲ. ಹತ್ತರಲ್ಲಿ ಒಬ್ಬಿಬ್ಬರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಎರಡನೇ ಸುತ್ತು ಬರುತ್ತದೆ: ಮತ್ತೆ ಜ್ವರ, ತಲೆಸುತ್ತು, ಕುತ್ತಿಗೆ ಬಿಗಿತ, ಕೈ ನಡುಕ, ಗೊಂದಲ. ಡಿಸ್ಚಾರ್ಜ್ ಪಟ್ಟಿ ಆಸ್ಪತ್ರೆಯಿಂದ ಅದೇ ದಿನ ಆಶಾ ಕೈಗೆ ಬರಬೇಕು, ಮೂರು ವಾರ ಅವರು ಮನೆ ನೋಡಬೇಕು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ ಅನ್ನುವುದನ್ನೂ ಅವರೇ ಅಕ್ಕಪಕ್ಕದವರಿಗೆ ಹೇಳಲಿ. 2018ರ ಡಿಸೆಂಬರ್‌ನಿಂದ ಅರಳಗೋಡಿನಲ್ಲಿ ಸಾವುಗಳಾದ ಮೇಲೆ ನಿಮ್ಮ ತಾಲ್ಲೂಕಿಗೆ ಈ ಭಯ ಹೊಸದಲ್ಲ.

ದುಡ್ಡಿನ ವಿಷಯ ಚಿಕ್ಕದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ ಗರಿಷ್ಠ 10,000 ರೂಪಾಯಿ ಮುಕ್ತ ನಿಧಿ ಇರುತ್ತದೆ. ಸಿಮ್, ಗ್ಲೌಸ್, ಫಲಕ, ಸಾಗಾಟಕ್ಕೆ ಅದರಲ್ಲಿ ದಾರಿ ಮಾಡಿಕೊಳ್ಳಿ. ಪುಡಿ, ಎಣ್ಣೆ ಇಲಾಖೆಯದ್ದೇ.

ಕೊನೆಯದಾಗಿ ಗಡಿ. ಶರಾವತಿ ಕಣಿವೆಯ ಮಂಗಕ್ಕೆ ಶಿವಮೊಗ್ಗ ಜಿಲ್ಲೆ ಯಾವುದು, ಉತ್ತರ ಕನ್ನಡ ಯಾವುದು ಗೊತ್ತಿಲ್ಲ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಪ್ರಕರಣ ಏರಿದ್ದು ನಿಮ್ಮ ಮಗ್ಗುಲಲ್ಲೇ. ಸಿದ್ದಾಪುರ ಕಡೆಯ ಪಿಎಚ್‌ಸಿ ಮತ್ತು ಪಂಚಾಯಿತಿಗಳ ನಂಬರ್‌ಗಳನ್ನೂ ನಿಮ್ಮ ಗುಂಪಿಗೆ ಸೇರಿಸಿ, ಮಂಗ ಸತ್ತ ಲೊಕೇಶನ್ ಎರಡೂ ಕಡೆ ಹೋಗಲಿ. ಕೊಯ್ಲು ಮುಗಿಸಿ ಬಯಲುಸೀಮೆಗೆ ವಾಪಸ್ ಹೋಗುವ ಆಳುಗಳಿಗೆ ಜ್ವರ ಬರುವುದು ಅವರ ಊರಲ್ಲಿ, ಅಲ್ಲಿನ ಡಾಕ್ಟರ್ ಡೆಂಗಿ ಅಂದುಕೊಳ್ಳುತ್ತಾರೆ. ಚೇಣಿದಾರರ ಮೂಲಕ ಪ್ರತಿಯೊಬ್ಬರಿಗೂ ಅಂಗೈಯಗಲದ ಚೀಟಿ ಕೊಡಿಸಿ: ಕೆಎಫ್‌ಡಿ (ಮಂಗನ ಕಾಯಿಲೆ) ಇರುವ ಈ ಊರಿನಲ್ಲಿ ಇಂಥ ದಿನಾಂಕದವರೆಗೆ ಕೆಲಸ ಮಾಡಿದ್ದಾರೆ, ಹತ್ತು ದಿನದೊಳಗೆ ಜ್ವರ ಬಂದರೆ ಈ ಪಿಎಚ್‌ಸಿ ನಂಬರ್‌ಗೆ ಕರೆ ಮಾಡಿ ಅಂತ.