ಬೆಂಗಳೂರಿಗೆ ಹೋಗಬೇಕೆ, ಮನೆಯಲ್ಲೇ ಇರಬೇಕೆ?

ಪ್ರಶ್ನೆ: ಯಜಮಾನರು ಖಣ ನೇಯುತ್ತಾರೆ, ನಾನು ಮನೆಯಲ್ಲಿ ಕಂಡಿಕೆಗಳಿಗೆ, ಅಂದರೆ ಮಗ್ಗದ ಸಣ್ಣ ಕೊಳವೆಗಳಿಗೆ, ನೂಲು ಸುತ್ತುತ್ತೇನೆ. ನಾಲ್ಕು ವರ್ಷದ ಮಗನಿಗೆ ಆಟಿಸಂ ಇದೆ ಎಂದು ಧಾರವಾಡದ ವೈದ್ಯರು ಹೇಳಿ ಐದು ತಿಂಗಳಾಯಿತು. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆಡುವ ಮಾತು ನಾಲ್ಕೈದು. ದಿನವೆಲ್ಲ ಖಾಲಿ ಕಂಡಿಕೆಗಳನ್ನು ಸಾಲಾಗಿ ಜೋಡಿಸುತ್ತಾನೆ. ಏನಾದರೂ ಬೇಕಾದರೆ ಮುಖ ನೋಡದೆ ನನ್ನ ಕೈ ಎಳೆದು ಆ ವಸ್ತುವಿನ ಮೇಲಿಡುತ್ತಾನೆ. ನಾನು ಅವನಿಗೆ ತಾಯಿಯಲ್ಲ, ಬರೀ ಒಂದು ಕೈ ಎನಿಸುತ್ತದೆ. ಅಲ್ಲಿಯ ಥೆರಪಿಸ್ಟ್, ‘ಹದಿನೈದು ದಿನಕ್ಕೊಮ್ಮೆ ಬಂದು ಕಲಿತುಕೊಂಡು ಹೋಗಿ, ಮನೆಯಲ್ಲಿ ನೀವೇ ಮಾಡಿ’ ಎಂದರು. ಇದು ಕೈತೊಳೆದುಕೊಳ್ಳುವ ಮಾತು ಎಂಬುದು ಯಜಮಾನರ ಸಿಟ್ಟು. ಸಾಲ ಮಾಡಿಯಾದರೂ ನನ್ನನ್ನೂ ಮಗನನ್ನೂ ಒಂದು ವರ್ಷ ಬೆಂಗಳೂರಿನಲ್ಲಿ ಬಾಡಿಗೆ ಕೋಣೆಯಲ್ಲಿರಿಸಿ ದಿನವೂ ಥೆರಪಿ ಕೊಡಿಸುತ್ತೇನೆ ಎನ್ನುತ್ತಾರೆ. ಮೂರನೆಯ ತರಗತಿಯ ಮಗಳನ್ನು ಬಿಟ್ಟು ಹೋಗಬೇಕಾಗುತ್ತದೆ. ನಾನು ಮೊಬೈಲ್ ಕೊಟ್ಟಿದ್ದರಿಂದಲೇ ಹೀಗಾಯಿತೆಂದು ಅತ್ತೆಯವರು ದಿನಾ ಅನ್ನುತ್ತಾರೆ. ಏಳನೆಯ ಇಯತ್ತೆ ಓದಿದ ನನ್ನಿಂದ ಇದೆಲ್ಲ ಆದೀತೆ? ಹೋಗದಿದ್ದರೆ ಮಗನಿಗೆ ಅನ್ಯಾಯ ಮಾಡಿದಂತಾಗುವುದೇ?
— ಹೆಸರು ಬೇಡ, ಗುಳೇದಗುಡ್ಡ

ಉತ್ತರ: ಸಹೋದರಿ, ನಿಮ್ಮ ಮೇಲೆ ಹೊರಿಸಿರುವ ತಪ್ಪನ್ನು ಮೊದಲು ಕೆಳಗಿಳಿಸೋಣ. ಆಟಿಸಂ ಎಂದರೆ ಮಿದುಳಿನ ಬೆಳವಣಿಗೆಯಲ್ಲಿರುವ ಭಿನ್ನತೆ. ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು, ಮಗು ಹುಟ್ಟುವ ಮೊದಲೇ ಅದರ ಬೇರು ಊರಿರುತ್ತದೆ. ಮೊಬೈಲಿನಿಂದ ಅದು ಬರುವುದಿಲ್ಲ. ಮೊಬೈಲ್ ಹಿಡಿದು ಕುಳಿತಷ್ಟು ಹೊತ್ತು ನಿಮ್ಮಿಬ್ಬರ ಒಡನಾಟ ತಪ್ಪುತ್ತದೆ, ಆದ್ದರಿಂದ ಅದನ್ನು ಕಡಿಮೆ ಮಾಡುವುದು ಒಳ್ಳೆಯದು; ಆದರೆ ಅದು ಬೇರೆ ಮಾತು. ಲಿಯೊ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಹನ್ನೊಂದು ಮಕ್ಕಳ ವಿವರ ಬರೆದು ಈ ಸ್ಥಿತಿಯನ್ನು ಗುರುತಿಸಿದ ಮೇಲೆ, ತಾಯಿಯ ಪ್ರೀತಿ ಸಾಲದ್ದರಿಂದಲೇ ಮಕ್ಕಳು ಹೀಗಾಗುತ್ತಾರೆ ಎಂಬ ವಾದವನ್ನು ಬಹಳ ವರ್ಷ ದೊಡ್ಡ ದೊಡ್ಡವರೇ ನಂಬಿದ್ದರು. ಅದು ಸುಳ್ಳೆಂದು 1964ರಲ್ಲಿ ಬರೆದು ಎದುರು ನಿಂತ ಬರ್ನಾರ್ಡ್ ರಿಮ್ಲ್ಯಾಂಡ್ ಮನಶ್ಶಾಸ್ತ್ರಜ್ಞರಷ್ಟೇ ಅಲ್ಲ, ಆಟಿಸಂ ಇದ್ದ ಹುಡುಗನ ತಂದೆಯೂ ಆಗಿದ್ದರು. ವೈದ್ಯರೇ ಕೈಬಿಟ್ಟ ಆ ಆರೋಪವನ್ನು ನೀವು ಮನೆಯಲ್ಲಿ ಹೊತ್ತುಕೊಂಡು ತಿರುಗಬೇಕಾಗಿಲ್ಲ.

ಇನ್ನು ಆ ಥೆರಪಿಸ್ಟ್ ಹೇಳಿದ ಮಾತು. ಅವರು ಕೈತೊಳೆದುಕೊಂಡಿದ್ದಾರೆಂದು ನನಗನ್ನಿಸುವುದಿಲ್ಲ. ತಂದೆತಾಯಿಗೆ ದಾರಿ ತೋರಿಸಿ, ಅವರ ಮೂಲಕ ಮಗುವಿನೊಂದಿಗಿನ ಸಂಬಂಧವನ್ನೇ ಗಟ್ಟಿಗೊಳಿಸುವ ಪದ್ಧತಿಯೊಂದನ್ನು ಇಂಗ್ಲೆಂಡಿನಲ್ಲಿ 152 ಮಕ್ಕಳ ಕುಟುಂಬಗಳ ನೆರವಿನಿಂದ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಿ ಮತ್ತು ಮಗು ಆಡುವುದನ್ನು ವಿಡಿಯೊ ಮಾಡಿ, ಥೆರಪಿಸ್ಟ್ ಮತ್ತು ತಾಯಿ ಜೊತೆಗೆ ಕುಳಿತು ನೋಡಿ, ಮಗು ಎಲ್ಲಿ ಸ್ಪಂದಿಸಿತು, ತಾಯಿ ಎಲ್ಲಿ ಅವಸರಪಟ್ಟಳು ಎಂದು ಗುರುತಿಸುವುದೇ ಅದರ ಮುಖ್ಯ ಕೆಲಸ. ಅದನ್ನೇ ನಮ್ಮ ಕಡೆಯ ಬದುಕಿಗೆ ಹೊಂದಿಸಿ, ನಿಮ್ಮ ಪಕ್ಕದ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆಸಿದ ಅಧ್ಯಯನ 2016ರಲ್ಲಿ ಹೊರಬಂದಿತು. ಅಲ್ಲಿ ತಾಯಂದಿರಿಗೆ ಹೇಳಿಕೊಟ್ಟವರು ತಜ್ಞರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಕೊಟ್ಟದ್ದು 12 ಭೇಟಿಗಳು. ಅಷ್ಟರಲ್ಲಿಯೇ ತಂದೆತಾಯಂದಿರು ಮಗುವಿನ ಹೆಜ್ಜೆಗೆ ಹೆಜ್ಜೆ ಹಾಕುವುದನ್ನು ಕಲಿತರು, ಮಕ್ಕಳು ತಾವಾಗಿ ಹತ್ತಿರ ಬಂದು ಕೇಳುವುದು ಹೆಚ್ಚಿತು. ಇದರಿಂದ ಆಟಿಸಂ ಹೋಗಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವವರನ್ನು ನೀವು ನಂಬಲೂ ಬೇಡಿ. ಮಗನೊಂದಿಗೆ ಮಾತುಕತೆಯ ದಾರಿ ತೆರೆಯುತ್ತದೆ, ಮುಂದಿನ ಕಲಿಕೆಯೆಲ್ಲ ಆ ದಾರಿಯಿಂದಲೇ ಬರಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಬರೀ ಒಂದು ಕೈ’ ಎಂಬ ಮಾತು. ಅವನು ಗೋಡೆಯ ಕಡೆಗೆ ಹೋಗದೆ, ಅಳುತ್ತಾ ನೆಲಕ್ಕೆ ಬೀಳದೆ, ನಿಮ್ಮ ಕೈಯನ್ನೇ ಹುಡುಕಿಕೊಂಡು ಬರುತ್ತಾನಲ್ಲ, ಸದ್ಯಕ್ಕೆ ಅದೇ ಅವನ ಭಾಷೆ. ನೀವು ಕಂಡಿಕೆ ಸುತ್ತುವಾಗ ಅವನು ತಿರುಗುವ ರಾಟೆಯನ್ನು ನೋಡಲು ಬಂದು ಕುಳಿತರೆ ಹೀಗೆ ಮಾಡಿ ನೋಡಿ. ನಾಲ್ಕು ಸುತ್ತು ತಿರುಗಿಸಿ ಕೈ ನಿಲ್ಲಿಸಿ. ಏನೂ ಕೇಳಬೇಡಿ, ‘ಅವ್ವಾ ಅನ್ನು’ ಎಂದು ಒತ್ತಾಯಿಸಬೇಡಿ; ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತಾ ಅವನ ಮುಖದ ಮಟ್ಟಕ್ಕೆ ಬಾಗಿ ಕಾಯಿರಿ. ಅವನು ನಿಮ್ಮ ಕೈ ಹಿಡಿದು ಹಿಡಿಕೆಯ ಮೇಲಿಟ್ಟರೆ, ‘ತಿರುಗಸಲೇನ?’ ಎಂದು ಒಂದೇ ಮಾತು ಆಡಿ ತಕ್ಷಣ ತಿರುಗಿಸಿ. ಮತ್ತೆ ನಿಲ್ಲಿಸಿ. ಹೀಗೆ ಹತ್ತಾರು ದಿನ ನಡೆದ ಮೇಲೆ, ರಾಟೆ ಏಕೆ ನಿಂತಿತೆಂದು ಅವನ ಕಣ್ಣು ಒಂದು ಕ್ಷಣ ರಾಟೆಯಿಂದ ನಿಮ್ಮ ಮುಖಕ್ಕೆ ಬಂದು ಹೋಗಬಹುದು. ಆ ಒಂದು ಕ್ಷಣಕ್ಕಾಗಿಯೇ ಈ ಕೆಲಸ. ಸಾಲು ಜೋಡಿಸುವ ಆಟವನ್ನೂ ಕೆಡಿಸಬೇಡಿ. ಪಕ್ಕದಲ್ಲಿ ಕುಳಿತು ಮುಂದಿನ ಕಂಡಿಕೆಯನ್ನು ನಿಮ್ಮ ಅಂಗೈಯಲ್ಲಿ ಹಿಡಿದು ಕೊಡುವವರಾಗಿ. ಅವನ ಸಾಲಿಗೆ ನೀವು ಬೇಕಾದವರಾಗುತ್ತೀರಿ. ಇದಕ್ಕೆ ಏಳನೆಯ ಇಯತ್ತೆ ಸಾಕು, ಆದರೆ ತಾಳ್ಮೆ ಬಹಳ ಬೇಕು. ದಣಿದ ದಿನ ಹತ್ತು ನಿಮಿಷ ಮಾಡಿದರೂ ಆಯಿತು, ಒಂದು ದಿನ ಮಾಡದಿದ್ದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಮಾತನಾಡಿಸಿ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ನಿಮ್ಮ ಬಾಯಿಗೆ ಸಲೀಸಾಗಿ ಬರುವ ಮಾತಿನಲ್ಲಿಯೇ ಅವನೊಂದಿಗೆ ಇರಿ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಈಗ ಬೆಂಗಳೂರಿಗೆ ಹೋಗಬೇಡಿ. ಗೊತ್ತಿಲ್ಲದ ಊರಿನ ಬಾಡಿಗೆ ಕೋಣೆಯಲ್ಲಿ, ತಂದೆ, ಅಕ್ಕ, ಅಜ್ಜಿ, ಮಗ್ಗದ ಲಯ ಎಲ್ಲವನ್ನೂ ಕಳೆದುಕೊಂಡು, ಸಾಲದ ಚಿಂತೆಯಲ್ಲಿ ಕುಗ್ಗಿದ ತಾಯಿಯೊಬ್ಬಳೊಂದಿಗೆ ಇರುವ ಮಗುವಿಗೆ ದಿನಕ್ಕೆ ಒಂದು ಗಂಟೆಯ ಥೆರಪಿಯಿಂದ ಸಿಗುವುದಕ್ಕಿಂತ ಹೆಚ್ಚಿನದು ಕೈತಪ್ಪಬಹುದು. ಆರು ತಿಂಗಳು ಧಾರವಾಡದ ಭೇಟಿಗಳನ್ನು ತಪ್ಪಿಸದೆ ಮಾಡಿ, ಆಮೇಲೆ ಅವರೊಂದಿಗೆ ಕುಳಿತು ನೋಡಿ. ಮಾರ್ಗದರ್ಶನವಿಲ್ಲದೆ ನೀವೊಬ್ಬರೇ ಮಾಡಿ ಎಂದು ನಾನು ಹೇಳುತ್ತಿಲ್ಲ. ಕಿವಿಯ ಪರೀಕ್ಷೆ ಆಗಿರದಿದ್ದರೆ ಅದನ್ನು ಮೊದಲು ಮಾಡಿಸಿ. ಫಿಟ್ಸ್ ಬಂದರೆ ಅಥವಾ ಇರುವ ಮಾತೂ ನಿಂತರೆ ಮುಂದಿನ ಭೇಟಿಗೆ ಕಾಯದೆ ವೈದ್ಯರ ಬಳಿ ಹೋಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ; ಪ್ರಮಾಣಪತ್ರ ಮಾಡಿಸಿಕೊಂಡರೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು, ಅದರಲ್ಲಿ ಥೆರಪಿಯ ಖರ್ಚಿಗೂ ಒಂದು ಪಾಲಿದೆ.

ನಿಮ್ಮ ಯಜಮಾನರು ಸಾಲಕ್ಕೂ ಸಿದ್ಧರಿರುವುದು ಮಗನ ಮೇಲಿನ ಪ್ರೀತಿಯಿಂದಲೇ, ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ಹಣ ಹೊಂದಿಸುವುದೊಂದೇ ತಮ್ಮ ಪಾಲಿನ ಕೆಲಸ ಎಂದು ಅವರು ತಿಳಿದಂತಿದೆ. ಸಂಜೆ ಮಗ್ಗದಿಂದ ಎದ್ದ ಮೇಲೆ ಕಾಲು ಗಂಟೆ ಆ ಸಾಲಿನ ಪಕ್ಕ ಅವರೂ ಕೂರಲಿ. ಮಗಳಿಗೆ ಮಾತ್ರ ತಮ್ಮನನ್ನು ನೋಡಿಕೊಳ್ಳುವ ಜವಾಬ್ದಾರಿ ಹೊರಿಸಬೇಡಿ, ಅವಳಿಗೂ ನಿಮ್ಮ ಮಡಿಲು ಬೇಕು. ನೀವು ರಾಟೆ ನಿಲ್ಲಿಸಿ ಕಾಯುವುದನ್ನು ಒಂದು ದಿನ ಮಗಳ ಕೈಯಿಂದಲೇ ಎರಡು ನಿಮಿಷ ವಿಡಿಯೊ ಮಾಡಿಸಿ. ಮುಂದಿನ ಸಲ ಧಾರವಾಡಕ್ಕೆ ಯಜಮಾನರನ್ನೂ ಕರೆದುಕೊಂಡು ಹೋಗಿ, ಆ ವಿಡಿಯೊವನ್ನು ಥೆರಪಿಸ್ಟ್‌ಗೆ ತೋರಿಸುವ ಮೊದಲು ಬಸ್ಸಿನಲ್ಲಿ ಅವರಿಗೆ ತೋರಿಸಿ.