ಫ್ರ್ಯಾಂಕ್ ಬರ್ನ್ಸ್ ಹೋದ ಮೇಲೆ 'ಮ್ಯಾಶ್'

ನೀವು ಕೇಳಿರುವುದು ಇಷ್ಟು: ಕೊರಿಯಾ ಯುದ್ಧದ ಸೇನಾ ಆಸ್ಪತ್ರೆ ಶಿಬಿರವೊಂದರ ಕಥೆ ಹೇಳುವ, ಅಮೆರಿಕದ ಹಳೆಯ ಹಾಸ್ಯ ಧಾರಾವಾಹಿ 'ಮ್ಯಾಶ್' ನೋಡಲು ಹಿಡಿದಿದ್ದೀರಿ, ಮೂರು ಸೀಸನ್ ಮುಗಿದಿದೆ, ಮುಂದೆ ಕೆಡುತ್ತದೆ ಎಂದು ಗೆಳೆಯರು ಹೆದರಿಸಿದ್ದಾರೆ. ಎಲ್ಲಿಗೆ ನಿಲ್ಲಿಸಬೇಕು?

ನಾನು ಹನ್ನೊಂದು ಸೀಸನ್‌ಗಳನ್ನೂ ಎರಡೆರಡು ಸಲ ನೋಡಿದವನು. ಮೊದಲ ಸಲ ನೋಡಿದಾಗ ನಿಮ್ಮ ಗೆಳೆಯರ ಮಾತನ್ನೇ ಆಡುತ್ತಿದ್ದೆ. ಎರಡನೆಯ ಸಲ ಆ ಧೈರ್ಯ ಸ್ವಲ್ಪ ಕುಗ್ಗಿತು. ಮುಂದಿನ ಕಥೆಯ ಒಂದೆರಡು ಗುಟ್ಟುಗಳನ್ನು ಇಲ್ಲಿ ಬಿಟ್ಟುಕೊಡಲೇಬೇಕಾಗಿದೆ. ಅದು ಬೇಡವೆನಿಸಿದರೆ ಓದುವುದನ್ನು ಇಲ್ಲಿಗೇ ಬಿಟ್ಟು, ಐದನೆಯ ಸೀಸನ್ ಮುಗಿಯುವವರೆಗೆ ಕಣ್ಣು ಮುಚ್ಚಿಕೊಂಡು ನೋಡಿ.

ಜನರು ಸಾಮಾನ್ಯವಾಗಿ ದೂರುವುದು ಲೆಕ್ಕದ ಬಗ್ಗೆ. ಕೊರಿಯಾ ಯುದ್ಧ ನಡೆದದ್ದು 1950ರ ಜೂನ್‌ನಿಂದ 1953ರ ಜುಲೈವರೆಗೆ, ಮೂರು ವರ್ಷ ಚಿಲ್ಲರೆ. ಧಾರಾವಾಹಿ ನಡೆದದ್ದು 1972ರಿಂದ 1983ರವರೆಗೆ. ಮೂರು ವರ್ಷದ ಯುದ್ಧಕ್ಕೆ 250ಕ್ಕೂ ಹೆಚ್ಚು ಕಂತು ಎಂದರೆ ಹೊಲಿಗೆ ಬಿಚ್ಚದೆ ಇರುತ್ತದೆಯೇ? ಹೊಸ ಮುಖ್ಯಸ್ಥ ಕರ್ನಲ್ ಪಾಟರ್ ಶಿಬಿರಕ್ಕೆ ಕಾಲಿಡುವ ದಿನಾಂಕ 1952ರ ಸೆಪ್ಟೆಂಬರ್ 19 ಎಂದು ನಾಲ್ಕನೆಯ ಸೀಸನ್ ಸ್ಪಷ್ಟವಾಗಿ ಹೇಳುತ್ತದೆ. ಒಂಬತ್ತನೆಯ ಸೀಸನ್ನಿನ ಒಂದು ಕಂತಿನಲ್ಲಿ ಅದೇ ಪಾಟರ್ 1951ರ ಹೊಸ ವರ್ಷವನ್ನು ಅದೇ ಶಿಬಿರದಲ್ಲಿ ಸ್ವಾಗತಿಸುತ್ತಾರೆ. ಕಥಾನಾಯಕ, ವೈದ್ಯ ಹಾಕ್‌ಐ ಪಾತ್ರದ ಆಲನ್ ಆಲ್ಡಾ ಅವರ ತಲೆಗೂದಲು ನೆರೆಯುತ್ತಾ ಹೋಗುತ್ತದೆ, ಯುದ್ಧ ಮಾತ್ರ ಅಲ್ಲೇ ಇರುತ್ತದೆ. ನನಗೆ ಇದು ದೊಡ್ಡ ದೋಷವೆಂದು ಅನಿಸಿಲ್ಲ. ಪುರಾಣ ಕೇಳುವಾಗ ಯಾರೂ ಪಂಚಾಂಗ ತೆರೆದಿಟ್ಟುಕೊಂಡು ಕೂರುವುದಿಲ್ಲ.

ಎರಡನೆಯ ದೂರು, ಹಳಬರು ಹೋದರು ಎನ್ನುವುದು. ನಮ್ಮ ಮೆಗಾ ಧಾರಾವಾಹಿಗಳಲ್ಲಿ ನಟಿ ಬಿಟ್ಟುಹೋದರೆ ಮರುದಿನ ಅದೇ ಸೊಸೆ ಬೇರೆ ಮುಖ ಹೊತ್ತು ಅಡುಗೆಮನೆಯಿಂದ ಬರುತ್ತಾಳೆ. 'ಮ್ಯಾಶ್' ಹಾಗೆ ಮಾಡಲಿಲ್ಲ. ನಟ ಹೋದರೆ ಪಾತ್ರವೂ ಹೋಗುತ್ತಿತ್ತು, ಬರುವವನು ಬೇರೆಯೇ ಮನುಷ್ಯನಾಗಿರುತ್ತಿದ್ದ. ಹಳೆಯ ಮುಖ್ಯಸ್ಥ ಹೆನ್ರಿ ಬ್ಲೇಕ್ ಊರಿಗೆ ಹೊರಟ ವಿಮಾನ ಸಮುದ್ರದ ಮೇಲೆ ಹೊಡೆದುರುಳಿಸಲ್ಪಟ್ಟ ಸುದ್ದಿಯನ್ನು ಗುಮಾಸ್ತ ರೇಡಾರ್ ಆಪರೇಷನ್ ಥಿಯೇಟರಿಗೆ ಬಂದು ಓದುವ ದೃಶ್ಯವನ್ನು ನೀವು ಈಗಷ್ಟೇ ನೋಡಿದ್ದೀರಿ. ಅದರ ಬೆನ್ನಿಗೇ ಹಾಕ್‌ಐನ ಜೊತೆಗಾರ ವೈದ್ಯ ಟ್ರ್ಯಾಪರ್ ಕೂಡ ಶಿಬಿರ ಬಿಟ್ಟು ಹೋಗುತ್ತಾನೆ. ಆದರೂ ಅವರಿಬ್ಬರ ಜಾಗಕ್ಕೆ ಪಾಟರ್ ಮತ್ತು ಬಿ.ಜೆ. ಬಂದ ನಾಲ್ಕನೆಯ ಸೀಸನ್ನೇ ನನ್ನ ಪಾಲಿಗೆ ಎಲ್ಲಕ್ಕಿಂತ ಮೇಲು. ಅದರ ಕೊನೆಯ ಕಂತು ಕಪ್ಪು ಬಿಳುಪಿನಲ್ಲಿದೆ. ಸುದ್ದಿಗಾರನೊಬ್ಬ ಬಂದು ಒಬ್ಬೊಬ್ಬರನ್ನೇ ಕೂರಿಸಿ ಮಾತನಾಡಿಸುತ್ತಾನೆ, ಅಷ್ಟೇ. ಯುದ್ಧ ನಿಮ್ಮನ್ನು ಬದಲಿಸಿದೆಯೇ ಎಂಬ ಪ್ರಶ್ನೆಗೆ ಪಾದ್ರಿ ಮಲ್ಕೇಹಿ ಕೊಡುವ ಉತ್ತರಕ್ಕಾಗಿ ಆ ಕಂತನ್ನು ಎಷ್ಟು ಸಲ ನೋಡಿದ್ದೇನೋ. ಚಳಿಯಲ್ಲಿ ವೈದ್ಯರು ಗಾಯಾಳುವಿನ ಮೈ ಕೊಯ್ದಾಗ ಒಳಗಿನಿಂದ ಹಬೆ ಏಳುತ್ತದೆ, ಆ ತೆರೆದ ಗಾಯದ ಮೇಲೆ ಅವರು ಬೆಚ್ಚಗಾಗುತ್ತಾರೆ, ಅದನ್ನು ಕಂಡವರು ಬದಲಾಗದೆ ಇರಲು ಸಾಧ್ಯವೇ ಎಂದು ಅವರು ಮೆಲುದನಿಯಲ್ಲಿ ಕೇಳುತ್ತಾರೆ. ಧಾರಾವಾಹಿಯನ್ನು ರೂಪಿಸಿದ ಲ್ಯಾರಿ ಗೆಲ್ಬಾರ್ಟ್ ಅದನ್ನು ತಾವೇ ಬರೆದು, ನಿರ್ದೇಶಿಸಿ, ಅಲ್ಲಿಗೆ ಕೈ ತೊಳೆದುಕೊಂಡು ಹೊರಟುಬಿಟ್ಟರು.

ಹಾಗಾದರೆ ಕೆಟ್ಟದ್ದು ಎಲ್ಲಿ? ಫ್ರ್ಯಾಂಕ್ ಬರ್ನ್ಸ್ ಹೋದಲ್ಲಿ ಎನ್ನುತ್ತೇನೆ ನಾನು. ಅವನು ಹೋದದ್ದಕ್ಕಿಂತ, ಅವನ ಜಾಗ ಖಾಲಿ ಉಳಿದದ್ದು ಕಾರಣ.

ಮೊದಲ ಐದು ಸೀಸನ್‌ಗಳಲ್ಲಿ ಹಾಕ್‌ಐ ಗುಡಾರದಲ್ಲೇ ಯುದ್ಧದ ಮೂರ್ಖತನ ಮಲಗೆದ್ದು ಓಡಾಡುತ್ತಿತ್ತು. ಫ್ರ್ಯಾಂಕ್ ಅರ್ಧಂಬರ್ಧ ಕಲಿತ ವೈದ್ಯ, ಚಾಡಿಕೋರ, ಬಾಯಿ ತೆರೆದರೆ ದೇಶಭಕ್ತಿ. ಅವನ ಕೈಗೆ ಕತ್ತರಿ ಸಿಕ್ಕರೆ ರೋಗಿಗೆ ನಿಜವಾದ ಅಪಾಯ. ಹಾಕ್‌ಐ ಹರಿತ ಮಾತಿಗೆ ಸಾಣೆ ಸಿಗುತ್ತಿದ್ದುದು ಆ ಕಲ್ಲಿನಿಂದಲೇ. ಹಾಗೆಂದು ಫ್ರ್ಯಾಂಕ್ ಕೊನೆಯವರೆಗೂ ಚೆನ್ನಾಗಿದ್ದ ಎನ್ನಲಾರೆ. ಐದನೆಯ ಸೀಸನ್ ಹೊತ್ತಿಗೆ ಅವನ ಪ್ರೇಯಸಿಯಾಗಿದ್ದ ಮುಖ್ಯ ನರ್ಸ್ ಮಾರ್ಗರೆಟ್‌ಗೆ ಬೇರೆಯವನೊಡನೆ ಮದುವೆ ನಿಶ್ಚಯವಾಗಿ, ಇವನು ಎಲ್ಲರಿಂದ ಪೆಟ್ಟು ತಿನ್ನುವ ಒಂಟಿ ಪೆದ್ದನಾಗಿದ್ದ. ನೋಡುವವರಿಗೆ ನಗುವಿಗಿಂತ ಕನಿಕರವೇ ಹೆಚ್ಚು. ನಟ ಲ್ಯಾರಿ ಲಿನ್‌ವಿಲ್ ಹೊರಟದ್ದು ಸರಿಯೇ. ಅವನನ್ನು ಕಳಿಸಿಕೊಡುವ ರೀತಿಯಂತೂ ಗೆಲ್ಬಾರ್ಟ್ ಕಾಲದ್ದೇ ಎನ್ನುವಷ್ಟು ಚೂಪು: ಊರೆಲ್ಲ ರಂಪ ಮಾಡಿಕೊಂಡವನಿಗೆ ಸೈನ್ಯ ಬಡ್ತಿ ಕೊಟ್ಟು, ತವರಿನ ಆಸ್ಪತ್ರೆಗೇ ವರ್ಗ ಮಾಡುತ್ತದೆ. ಸುದ್ದಿ ತಿಳಿದ ಹಾಕ್‌ಐ ಕೆಂಡವಾಗುತ್ತಾನೆ.

ಬದಲಿಗೆ ಬಂದ ಚಾರ್ಲ್ಸ್ ವಿಂಚೆಸ್ಟರ್ ಬಾಸ್ಟನ್ನಿನ ಸಿರಿವಂತ, ಗ್ರಾಮಫೋನಿನಲ್ಲಿ ಶಾಸ್ತ್ರೀಯ ಸಂಗೀತ ಕೇಳುವ ಜಂಭಗಾರ, ಆದರೆ ನುರಿತ ಶಸ್ತ್ರಚಿಕಿತ್ಸಕ. ಪಾತ್ರವಾಗಿ ಫ್ರ್ಯಾಂಕ್‌ಗಿಂತ ಹತ್ತು ಪಾಲು ಮೇಲು. ತೊಡಕು ಅಲ್ಲೇ. ಈಗ ಶಿಬಿರದಲ್ಲಿ ಕೆಟ್ಟವರು ಯಾರೂ ಉಳಿಯಲಿಲ್ಲ. ಮಾರ್ಗರೆಟ್ ಬದಲಾದದ್ದು ನನಗೆ ಖುಷಿಯೇ; ಒಂದು ಕಂತಿನಲ್ಲಿ ತನ್ನ ನರ್ಸ್‌ಗಳೆದುರು, ನೀವು ಯಾರಾದರೂ ನನಗೆ ಒಂದು ಲೋಟ ಕಾಫಿ ಬೇಕೇ ಎಂದು ಕೇಳಿದ್ದುಂಟೇ ಎಂದು ಅವಳು ಸಿಡಿದು ಅಳುವಾಗ, ಅಲ್ಲಿಯವರೆಗೆ ಅವಳನ್ನು ಕಂಡು ನಕ್ಕಿದ್ದಕ್ಕೆ ನನಗೇ ನಾಚಿಕೆಯಾಗಿತ್ತು. ಆದರೆ ಒಬ್ಬರಾದ ಮೇಲೊಬ್ಬರು ಹೀಗೇ ಹದವಾಗುತ್ತಾ ಹೋದರು. ಸೈನ್ಯದಿಂದ ಬಿಡುಗಡೆಗಾಗಿ ಹೆಂಗಸರ ಉಡುಪು ತೊಡುತ್ತಿದ್ದ ಕ್ಲಿಂಗರ್, ರೇಡಾರ್ ಊರಿಗೆ ಹೋದ ಮೇಲೆ ಅವನ ಗುಮಾಸ್ತಿಕೆ ವಹಿಸಿಕೊಂಡು ಸಮವಸ್ತ್ರಕ್ಕೆ ಇಳಿದ. ಹತ್ತನೆಯ ಸೀಸನ್ ಹೊತ್ತಿಗೆ ಯಾರಿಗಾದರೂ ಸಂಕಟವಾದರೆ ಉಳಿದವರೆಲ್ಲ ಸಾಲಾಗಿ ಬಂದು ಸಮಾಧಾನ ಹೇಳುತ್ತಾರೆ. ಇಪ್ಪತ್ತೈದು ನಿಮಿಷದಲ್ಲಿ ಒಬ್ಬರಿಗೆ ಜ್ಞಾನೋದಯವಾಗುತ್ತದೆ. ಹಾಕ್‌ಐ ಅಂತೂ ಚುಚ್ಚುವವನಿಂದ ಉಪದೇಶಿಯಾದ. ಆಲ್ಡಾ ಹಲವು ಕಂತುಗಳನ್ನು ತಾವೇ ಬರೆದು, ನಿರ್ದೇಶಿಸಿದರು. ತಪ್ಪೆಲ್ಲ ಅವರದೆಂದು ಹೊರಿಸುವುದು ವಾಡಿಕೆ. ನಾನು ಅಷ್ಟು ದೂರ ಹೋಗುವುದಿಲ್ಲ. ಅಷ್ಟು ವರ್ಷ ಜೊತೆಗಿದ್ದ ಪಾತ್ರಗಳ ಮೇಲೆ ಬರೆಯುವವರಿಗೂ ಮಮತೆ ಬೆಳೆಯುತ್ತದೆ; ಮಮತೆ ಬಂದಮೇಲೆ ಚಿವುಟಲು ಕೈ ಬರುವುದಿಲ್ಲ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಸಿಬಿಎಸ್ ವಾಹಿನಿಯ ಒತ್ತಾಯಕ್ಕೆ ಧಾರಾವಾಹಿಗೆ ಕೃತಕ ನಗುವನ್ನು ಸೇರಿಸಲಾಗಿತ್ತು, ಆಪರೇಷನ್ ಥಿಯೇಟರಿನ ದೃಶ್ಯಗಳಿಗೆ ಮಾತ್ರ ವಿನಾಯಿತಿ. ಡಿವಿಡಿಯಲ್ಲಿ ಆ ನಗುವನ್ನು ಆರಿಸಿಬಿಡುವ ಅನುಕೂಲವಿದೆ. ಎರಡನೆಯ ಸೀಸನ್ನಿನ ಒಂದು ಕಂತನ್ನು ನಗುವಿಲ್ಲದೆ ಹಾಕಿ. ಮೊದಲ ಐದು ನಿಮಿಷ ಬೋಳುಬೋಳು. ಆಮೇಲೆ ಮಾತುಗಳು ಎಷ್ಟು ಬಿರುಸಾಗಿ ಒಂದರ ಮೇಲೊಂದು ಬೀಳುತ್ತಿವೆ ಎಂದು ತಿಳಿಯುತ್ತದೆ, ಕೊನೆಗೆ ನಿಮ್ಮ ನಗುವಷ್ಟೇ ಕೋಣೆಯಲ್ಲಿ ಕೇಳುತ್ತದೆ. ಹತ್ತನೆಯ ಸೀಸನ್ನಿನ ಒಂದು ಕಂತನ್ನೂ ಹಾಗೆಯೇ ಹಾಕಿ. ನಗು ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿಯೂ ಐದಕ್ಕೇ ನಿಲ್ಲಿಸಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಏಳನೆಯ ಸೀಸನ್ನಿನಲ್ಲಿ ಇಡೀ ಕಂತು ಗಾಯಗೊಂಡ ಸೈನಿಕನ ಕಣ್ಣಿನಿಂದಲೇ ಕಾಣುತ್ತದೆ. ಎಂಟನೆಯದರಲ್ಲಿ ಒಂದು ಜೀವ ಉಳಿಸುವ ಓಟದುದ್ದಕ್ಕೂ ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ. ಒಂಬತ್ತನೆಯದರ ಕ್ರಿಸ್ಮಸ್ ಕಂತಂತೂ ನೋಡಲೇಬೇಕು. ವಿಂಚೆಸ್ಟರ್ ತನ್ನ ಮನೆತನದ ಪದ್ಧತಿಯಂತೆ ಹೆಸರು ಹೇಳದೆ ಅನಾಥಾಲಯಕ್ಕೆ ದುಬಾರಿ ಚಾಕೊಲೇಟ್ ಕೊಟ್ಟು ಬರುತ್ತಾನೆ. ಆಮೇಲೆ ತಿಳಿಯುತ್ತದೆ, ಅದು ಕಾಳಸಂತೆಯಲ್ಲಿ ಮಾರಾಟವಾಗಿದೆ. ಉರಿದುಬಿದ್ದು ಅನಾಥಾಲಯದವನನ್ನು ತರಾಟೆಗೆ ತೆಗೆದುಕೊಂಡರೆ, ಅವನು ಶಾಂತವಾಗಿ ಹೇಳುತ್ತಾನೆ: ಆ ಹಣದಲ್ಲಿ ಮಕ್ಕಳಿಗೆ ಒಂದು ತಿಂಗಳಿಗಾಗುವಷ್ಟು ಅಕ್ಕಿ, ಎಲೆಕೋಸು ಬಂದಿದೆ. ವಿಂಚೆಸ್ಟರ್ ಮುಖದ ಬಿಗಿ ಸಡಿಲುತ್ತದೆ. ಊಟವನ್ನೇ ಕಾಣದ ಮಕ್ಕಳಿಗೆ ಸಿಹಿ ಕೊಡಲು ಹೋದದ್ದು ತನ್ನದೇ ತಪ್ಪೆಂದು ಒಪ್ಪಿಕೊಳ್ಳುತ್ತಾನೆ. ಇಂಥ ಕಂತಿನಲ್ಲಿ ಫ್ರ್ಯಾಂಕ್‌ಗೆ ಜಾಗವೇ ಇರುತ್ತಿರಲಿಲ್ಲ.

ಆದ್ದರಿಂದ ಐದರವರೆಗೆ ಒಂದನ್ನೂ ಬಿಡಬೇಡಿ. ಆರರಿಂದ ಒಂಬತ್ತರವರೆಗೆ ಆರಿಸಿಕೊಂಡು ನೋಡಿ. ಹತ್ತು ಮತ್ತು ಹನ್ನೊಂದು ಬಟ್ಟೆ ಇಸ್ತ್ರಿ ಮಾಡುವಾಗ ಹಾಕಿಕೊಳ್ಳಲು ಅಡ್ಡಿಯಿಲ್ಲ. 1983ರ ಫೆಬ್ರವರಿ 28ರಂದು ಹತ್ತು ಕೋಟಿಗೂ ಹೆಚ್ಚು ಅಮೆರಿಕನ್ನರು ಕೂತು ನೋಡಿದ ಎರಡೂವರೆ ಗಂಟೆಯ ಕೊನೆಯ ಕಂತಿಗೆ ಮಾತ್ರ ಇಸ್ತ್ರಿಪೆಟ್ಟಿಗೆ ಆರಿಸಿ ಕೂತುಕೊಳ್ಳಿ.